ಸೂಕ್ರೆ ಮತ್ತು ಪೊಟೊಸಿ: ನಾಲ್ಕು ದಿನ ಸಾಕೇ? ಗಣಿಯೊಳಗೆ ಹೋಗುವುದು ಸರಿಯೇ?

ಹೇಮಾವತಿ ತೀರ
ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದವಳು, ಕೆಲಸದ ನಿಮಿತ್ತ ಎರಡು ವರ್ಷದಿಂದ ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿದ್ದೇನೆ. ಜೂನ್‌ನಲ್ಲಿ ಅಮ್ಮ ಊರಿನಿಂದ ಬರುತ್ತಾರೆ. ಅವರಿಗೆ 61 ವರ್ಷ. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ನುಂಗುವುದನ್ನು ಬಿಟ್ಟರೆ ಬೇರೆ ತೊಂದರೆಯಿಲ್ಲ, ಕಾಫಿ ತೋಟದ ಏರುತಗ್ಗುಗಳಲ್ಲಿ ಇಂದಿಗೂ ನನಗಿಂತ ಚುರುಕಾಗಿ ಓಡಾಡುತ್ತಾರೆ. ನನಗೆ ಸಿಗುವ ನಾಲ್ಕು ದಿನಗಳ ರಜೆಯಲ್ಲಿ ಬೊಲಿವಿಯಾದ ಎರಡು ಹಳೆಯ ಸ್ಪ್ಯಾನಿಷ್ ವಸಾಹತು ನಗರಗಳನ್ನು ಅವರಿಗೆ ತೋರಿಸಬೇಕೆಂದಿದ್ದೇನೆ. ನೇರವಾಗಿ ಪೊಟೊಸಿಗೆ ಹೋಗಿ ಎರಡು ದಿನವಿದ್ದು, ಆಮೇಲೆ ಸೂಕ್ರೆಗೆ ಇಳಿದು ಎರಡು ದಿನ ಕಳೆಯುವುದು ನನ್ನ ಯೋಜನೆ.

ನನ್ನ ಪ್ರಶ್ನೆಗಳು ಎರಡು. ಈ ಕ್ರಮ ಸರಿಯೇ? ಎರಡನೆಯದು ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಪೊಟೊಸಿಯ ನೆತ್ತಿಯ ಮೇಲೆ ನಿಂತಿರುವ ಸೆರೊ ರಿಕೊ, ಅಂದರೆ ಸಿರಿವಂತ ಬೆಟ್ಟದ ಗಣಿಗಳೊಳಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಇಂದಿಗೂ ಜನ ದುಡಿಯುತ್ತಿದ್ದಾರೆ. ಹೋಗಿ ನೋಡುವುದು ಸರಿಯೋ, ತಪ್ಪೋ?

ಚಾರಣಿಗ
ಮೊದಲನೆಯದಕ್ಕೆ ಉತ್ತರ ಸುಲಭ: ಕ್ರಮವನ್ನು ದಯವಿಟ್ಟು ತಿರುಗಿಸಿ. ಸೂಕ್ರೆ ಸುಮಾರು 2,800 ಮೀಟರ್ ಎತ್ತರದಲ್ಲಿದೆ, ಪೊಟೊಸಿ 4,000 ಮೀಟರ್‌ಗಿಂತಲೂ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅದರ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಪೊಟೊಸಿಯ ಪೇಟೆಬೀದಿಯ ಮಟ್ಟಕ್ಕೆ ಬರುವುದಿಲ್ಲ. ನಾನು ವಿಮಾನದಲ್ಲಿ ನೇರವಾಗಿ ಲೇಹ್‌ಗೆ ಇಳಿದು ಮೊದಲ ರಾತ್ರಿಯಿಡೀ ತಲೆ ಹಿಡಿದುಕೊಂಡು ಕುಳಿತಿದ್ದೆ, ಲೇಹ್ ಪೊಟೊಸಿಗಿಂತ ಐನೂರು ಮೀಟರ್‌ಗೂ ಹೆಚ್ಚು ಕೆಳಗಿದೆ. ಗಣಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಹೋಗಿ ಬನ್ನಿ. ಆ ಊರು ಹುಟ್ಟಿದ್ದೇ ಆ ಬೆಟ್ಟದಿಂದ. ಚರ್ಚುಗಳನ್ನೂ ಮರದ ಬಾಲ್ಕನಿಗಳನ್ನೂ ಮಾತ್ರ ನೋಡಿ ಬಂದರೆ ಅರ್ಧ ಊರನ್ನು ನೋಡಿದಂತೆ.

ಮಲೆನಾಡ ವೈದ್ಯ
ಚಾರಣಿಗರ ಸಲಹೆಯನ್ನು ವೈದ್ಯನಾಗಿ ಅನುಮೋದಿಸುತ್ತೇನೆ. ಪೊಟೊಸಿಯಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತರಷ್ಟು ಮಾತ್ರ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ ಐನೂರು ಮೀಟರ್‌ಗಿಂತ ಹೆಚ್ಚಿಸಬಾರದೆಂಬುದು ಸಾಮಾನ್ಯ ನಿಯಮ. ಸೂಕ್ರೆಯಿಂದ ಪೊಟೊಸಿಗೆ ಒಮ್ಮೆಗೇ ಸಾವಿರದ ಇನ್ನೂರು ಮೀಟರ್ ಏರುವುದರಿಂದ ಸೂಕ್ರೆಯಲ್ಲಿ ಎರಡು ರಾತ್ರಿ ಕಳೆದರೂ ಆ ನಿಯಮ ಪಾಲನೆಯಾಗುವುದಿಲ್ಲ. ಆದ್ದರಿಂದ ಪೊಟೊಸಿಯಲ್ಲಿ ಒಂದೇ ರಾತ್ರಿ ಸಾಕು. ಬೆಟ್ಟದ ಮೇಲೆ ತಲೆನೋವು ಕಾಣಿಸಿಕೊಂಡು ಮಾತ್ರೆಗೂ ಬಗ್ಗದೆ ಹೆಚ್ಚುತ್ತಿದ್ದರೆ, ನಡಿಗೆ ತೂರಾಡಿದರೆ, ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗುವವರೆಗೆ ಕಾಯದೆ ಕೆಳಗಿಳಿಯಿರಿ.

ಎತ್ತರದ ಈ ತೊಂದರೆಯನ್ನು ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಏರುವ ಹಿಂದಿನ ದಿನದಿಂದಲೇ ಶುರುಮಾಡುವ ಪದ್ಧತಿಯಿದೆ. ಆದರೆ ತಾಯಿಯವರು ರಕ್ತದೊತ್ತಡಕ್ಕೆ ಯಾವ ಔಷಧ ತೆಗೆದುಕೊಳ್ಳುತ್ತಾರೆ, ಸಲ್ಫಾ ಔಷಧಗಳಿಗೆ ಅವರಿಗೆ ಒಗ್ಗದಿಕೆ ಇದೆಯೇ ಎಂಬುದನ್ನು ಅವರನ್ನು ನೋಡುವ ವೈದ್ಯರೇ ಪರಿಶೀಲಿಸಬೇಕು. ದಯವಿಟ್ಟು ಇಲ್ಲಿ ಓದಿದ್ದನ್ನು ನಂಬಿ ನೇರವಾಗಿ ಔಷಧದ ಅಂಗಡಿಗೆ ಹೋಗಬೇಡಿ.

ಅಕ್ಕಿರೊಟ್ಟಿ
ಕೋಕಾ ಎಲೆಯ ಚಹಾ ಕುಡಿದರೆ ಎಲ್ಲವೂ ಸರಿಹೋಗುತ್ತದೆಂದು ಕೇಳಿದ್ದೇನಲ್ಲ?

ಕೊಚಬಾಂಬಾದಲ್ಲಿದ್ದವನು
ನಾನು ಆ ದೇಶದಲ್ಲಿ ಮೂರು ವರ್ಷ ಇದ್ದವನು. ಕೋಕಾ ಚಹಾ ಅಲ್ಲಿ ಪ್ರತಿ ಹೋಟೆಲಿನಲ್ಲೂ ಸಿಗುತ್ತದೆ, ಕಾನೂನುಬದ್ಧವಾಗಿಯೇ ಸಿಗುತ್ತದೆ. ಹಿತವಾಗಿರುತ್ತದೆ, ಹೊಟ್ಟೆ ತೊಳಸುವುದನ್ನು ತಗ್ಗಿಸುತ್ತದೆ. ಆದರೆ ಅದನ್ನು ಕುಡಿದು ಎತ್ತರವನ್ನು ಗೆದ್ದೆವೆಂದುಕೊಳ್ಳಬಾರದು. ಮುಖ್ಯವಾಗಿ, ಒಂದೇ ಒಂದು ಎಲೆಯೂ ಚೀಲದಲ್ಲಿ ಉಳಿಯದಂತೆ ನೋಡಿಕೊಳ್ಳಿ. ಭಾರತದಲ್ಲಿ ಕೋಕಾ ಎಲೆ ಮಾದಕ ವಸ್ತುಗಳ ಕಾನೂನಿನ ಅಡಿಯಲ್ಲಿ ಬರುತ್ತದೆ, ಚಹಾದ ಪೊಟ್ಟಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸೂಕ್ರೆಯ ಬಗ್ಗೆ ಯಾರೂ ಮಾತನಾಡಲಿಲ್ಲವಾದ್ದರಿಂದ ಹೇಳುತ್ತೇನೆ. ಲಾ ಪ್ಲಾತಾ, ಚಾರ್ಕಾಸ್, ಚುಕಿಸಾಕಾ, ಸೂಕ್ರೆ ಎಂದು ನಾಲ್ಕು ಹೆಸರುಗಳಿರುವ ಊರದು. ಹಳೆಯ ಪೇಟೆಯ ಮನೆಗಳಿಗೆಲ್ಲ ಬಿಳಿ ಸುಣ್ಣ, ಕೆಂಪು ಹೆಂಚು. ಸಂಜೆ ಸ್ಯಾನ್ ಫೆಲಿಪೆ ನೇರಿ ಮಠದ ಮಾಳಿಗೆ ಹತ್ತಿದರೆ ಇಡೀ ಊರಿನ ಹೆಂಚುಗಳ ಮೇಲೆ ಬಿಸಿಲು ಇಳಿಯುವುದು ಕಾಣುತ್ತದೆ. 1624ರಲ್ಲಿ ಸ್ಥಾಪನೆಯಾದ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಂದಿಗೂ ಚೌಕದ ಕಲ್ಲುಬೆಂಚುಗಳನ್ನು ಬಿಟ್ಟುಕೊಟ್ಟಿಲ್ಲ. ಚೌಕದ ಬದಿಯಲ್ಲೇ ಸ್ವಾತಂತ್ರ್ಯ ಭವನವಿದೆ. 1825ರ ಆಗಸ್ಟ್ 6ರಂದು ಬೊಲಿವಿಯಾದ ಸ್ವಾತಂತ್ರ್ಯ ಘೋಷಣೆಯಾದದ್ದು ಅಲ್ಲಿಯೇ. ಒಂದು ಮುಂಜಾನೆಯನ್ನು ಸ್ಥಳೀಯ ನೇಯ್ಗೆಯ ವಸ್ತುಸಂಗ್ರಹಾಲಯಕ್ಕೆ ಮೀಸಲಿಡಿ. ಹಲ್ಕಾ ಸಮುದಾಯದ ಕೆಂಪು ಮತ್ತು ಕಪ್ಪು ಬಟ್ಟೆಗಳಲ್ಲಿ ತಲೆಕೆಳಗಾಗಿ ತೇಲುವ ವಿಚಿತ್ರ ಪ್ರಾಣಿಗಳನ್ನು ನೋಡಿದರೆ ನಿಮ್ಮ ತಾಯಿಯವರು ಅಲ್ಲಿಂದ ಬೇಗ ಏಳಲಾರರು.

ಪ್ರಶ್ನಾರ್ಥಕ
ರಾಜಧಾನಿ ಲಾ ಪಾಸ್ ಅಲ್ಲವೇ? ಸ್ವಾತಂತ್ರ್ಯ ಘೋಷಣೆ ಸೂಕ್ರೆಯಲ್ಲೇಕೆ ಆಯಿತು?

ಇತಿಹಾಸದ ಮೇಷ್ಟರು
ಸಂವಿಧಾನದ ಪ್ರಕಾರ ರಾಜಧಾನಿ ಸೂಕ್ರೆಯೇ. 1899ರ ಅಂತರ್ಯುದ್ಧದ ನಂತರ ಸರ್ಕಾರವೂ ಸಂಸತ್ತೂ ಲಾ ಪಾಸ್‌ಗೆ ಹೋದವು, ಸರ್ವೋಚ್ಚ ನ್ಯಾಯಾಲಯ ಸೂಕ್ರೆಯಲ್ಲಿ ಉಳಿಯಿತು. ಸೂಕ್ರೆಯ ಜನರ ಮುಂದೆ ಲಾ ಪಾಸ್ ಅನ್ನು ರಾಜಧಾನಿ ಎಂದು ಕರೆದರೆ ಅವರಿಗೆ ನಿಜವಾಗಿಯೂ ನೋವಾಗುತ್ತದೆ.

ಆದರೆ ಸೂಕ್ರೆಯ ಬಿಳಿ ಗೋಡೆಗಳಿಗೂ ಪೊಟೊಸಿಯ ಕತ್ತಲೆಗೂ ಇರುವ ಸಂಬಂಧವನ್ನು ಹೇಳದಿದ್ದರೆ ಈ ಪ್ರವಾಸ ಅರ್ಥವಾಗುವುದಿಲ್ಲ. 1545ರಲ್ಲಿ ಬೆಟ್ಟದಲ್ಲಿ ಬೆಳ್ಳಿ ಪತ್ತೆಯಾಯಿತು, ಹದಿನೇಳನೆಯ ಶತಮಾನದ ಆರಂಭಕ್ಕೆ ಪೊಟೊಸಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದ ನಗರವಾಗಿತ್ತು. ಬೆಳ್ಳಿಯ ಹಣದಿಂದ ಬಾಳಿದ ನ್ಯಾಯಾಧೀಶರು, ಬಿಷಪ್ಪರು, ಗಣಿಯ ಒಡೆಯರು ಹಿತವಾದ ಹವೆಯಿರುವ ಸೂಕ್ರೆಯಲ್ಲಿ ಮನೆ ಕಟ್ಟಿಕೊಂಡರು. ದುಡಿದವರು ಮೇಲೆ ಉಳಿದರು. 1570ರ ದಶಕದಲ್ಲಿ ಸ್ಪೇನಿನ ವೈಸ್‌ರಾಯ್ ಟೊಲೆಡೊ ಇಂಕಾಗಳ ಕಾಲದ ಸರದಿ ದುಡಿಮೆಯ ಪದ್ಧತಿಯನ್ನೇ ತಿರುಚಿ ಮೀಟಾ ಎಂಬ ಬಿಟ್ಟಿಯನ್ನು ಜಾರಿಗೆ ತಂದ. ಹದಿನಾರು ಪ್ರಾಂತ್ಯಗಳಿಂದ, ದುಡಿಯುವ ವಯಸ್ಸಿನ ಗಂಡಸರಲ್ಲಿ ಏಳರಲ್ಲೊಬ್ಬರಂತೆ, ವರ್ಷಕ್ಕೆ ಸುಮಾರು 13,500 ಜನರನ್ನು ಕರೆತರುವ ವ್ಯವಸ್ಥೆಯದು. ಹೆಂಡತಿ ಮಕ್ಕಳು, ಲಾಮಾಗಳು, ಒಣಗಿಸಿದ ಆಲೂಗಡ್ಡೆಯ ಮೂಟೆಗಳ ಸಮೇತ ಜನ ತಿಂಗಳುಗಟ್ಟಲೆ ನಡೆದು ಬರುತ್ತಿದ್ದರು. ಹೆಸರಿಗೆ ಕೂಲಿಯಿತ್ತು, ಹೊಟ್ಟೆಗೆ ಸಾಲುತ್ತಿರಲಿಲ್ಲ. ಅದು ಕೊನೆಯದಾಗಿ ನಿಂತದ್ದು ಸ್ವಾತಂತ್ರ್ಯ ಹೋರಾಟದ ನಾಯಕ ಬೊಲಿವಾರ್‌ನ ಕಾಲದಲ್ಲಿ, 1825ರಲ್ಲಿ.

ಚಾರಣಿಗ
ಆ ಬೆಟ್ಟ ಎಂಬತ್ತು ಲಕ್ಷ ಜನರನ್ನು ನುಂಗಿತೆಂದು ಓದಿದ್ದೇನೆ. ಇದನ್ನು ತಿಳಿದ ಮೇಲೂ ಹೋಗಿ ನೋಡದಿರುವುದು ಕಣ್ಣು ಮುಚ್ಚಿಕೊಂಡಂತಲ್ಲವೇ?

ಇತಿಹಾಸದ ಮೇಷ್ಟರು
ಆ ಸಂಖ್ಯೆಯನ್ನು ಮಾರ್ಗದರ್ಶಿಗಳೂ ಪ್ರವಾಸಿ ಬರಹಗಳೂ ಪದೇ ಪದೇ ಹೇಳುತ್ತವೆ, ಆದರೆ ಎಣಿಕೆಯಾಗಿ ಅದನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಸಾವಿಗೆ ಗಣಿ ಕುಸಿತ ಒಂದೇ ಕಾರಣವಾಗಿರಲಿಲ್ಲ. ಯುರೋಪಿನಿಂದ ಬಂದ ಸಿಡುಬು, ದಡಾರಗಳು ಆಂಡಿಸ್‌ನ ಹಳ್ಳಿಗಳನ್ನೇ ಬರಿದುಮಾಡಿದವು, ಬಿಟ್ಟಿ ತಪ್ಪಿಸಿಕೊಳ್ಳಲು ಲಕ್ಷಾಂತರ ಜನ ಊರು ಬಿಟ್ಟರು, ಅದಿರಿನಿಂದ ಬೆಳ್ಳಿ ಬೇರ್ಪಡಿಸಲು ಬಳಸುತ್ತಿದ್ದ ಪಾದರಸ, ಅದಿರು ಅರೆಯುವ ಗಿರಣಿಗಳಲ್ಲಿ, ಜನರನ್ನು ಮೆಲ್ಲಗೆ ಕೊಂದಿತು. 1626ರಲ್ಲಿ ಗಿರಣಿಗಳಿಗೆ ನೀರುಣಿಸುವ ಒಂದು ಕೆರೆಯ ಏರಿ ಒಡೆದು ಗಿರಣಿಗಳೂ ಊರಿನ ಒಂದು ಭಾಗವೂ ಕೊಚ್ಚಿಹೋದವು. ನಡೆದ ಅನ್ಯಾಯದ ಭಾರವನ್ನು ತೋರಿಸಲು ದೊಡ್ಡ ಅಂಕಿಯ ಆಸರೆ ಬೇಕಿಲ್ಲ.

ನಮಗೂ ಆ ಬೆಳ್ಳಿಗೂ ನೇರ ನಂಟಿದೆ ಎಂಬುದನ್ನೂ ಸೇರಿಸುತ್ತೇನೆ. ಹಿಂದೂಸ್ತಾನದಲ್ಲಿ ಬೆಳ್ಳಿಯ ಗಣಿಗಳು ಕಡಿಮೆ. ಮೆಣಸು, ಹತ್ತಿಬಟ್ಟೆ, ನೀಲಿಗಳನ್ನು ಕೊಳ್ಳಲು ಬಂದ ಯುರೋಪಿನ ವ್ಯಾಪಾರಿಗಳು ಅಮೆರಿಕದ ಬೆಳ್ಳಿಯನ್ನೇ ತಂದು ಸುರಿದರು, ಅದು ಸೂರತ್ತಿನಂಥ ಟಂಕಸಾಲೆಗಳಲ್ಲಿ ಕರಗಿ ಮೊಘಲರ ರೂಪಾಯಿಯಾಯಿತು. ಪಶ್ಚಿಮ ಕರಾವಳಿಯ ಮೆಣಸಿಗೆ ಸಿಕ್ಕ ಬೆಲೆಯಲ್ಲಿ ಆ ಬೆಟ್ಟದ ಪಾಲೂ ಇತ್ತು.

ಮಾರಿಕುಪ್ಪಂ ರೈಲು
ಈ ಚರ್ಚೆಯನ್ನು ನಿನ್ನೆಯಿಂದ ಓದುತ್ತಿದ್ದೇನೆ. ನಾನು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ ಬೆಳೆದವನು. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದರು, ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯುತ್ತಿದ್ದ ಗಣಿಯದು. ಪಾಳಿ ಮುಗಿಸಿ ಬಂದವರು ಮೊದಲು ಅಂಗಳದ ಕಲ್ಲಿನ ಮೇಲೆ ಕುಳಿತು ಕೆಮ್ಮು ನಿಲ್ಲುವವರೆಗೆ ಕಾಯುತ್ತಿದ್ದರು, ಆಮೇಲಷ್ಟೇ ಒಳಗೆ ಬರುತ್ತಿದ್ದರು. ಮಕ್ಕಳ ಮುಂದೆ ಕೆಮ್ಮಬಾರದೆಂಬುದು ಅವರ ಹಟ. ಕಲ್ಲುಪುಡಿ ಶ್ವಾಸಕೋಶದಲ್ಲಿ ಕೂತು ಬರುವ ಆ ಕಾಯಿಲೆಯ ಹೆಸರು ನನಗೆ ಅ ಆ ಇ ಈ ಜೊತೆಯಲ್ಲೇ ಗೊತ್ತಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ನಮ್ಮೂರಿಗೂ ನೋಡುವವರು ಬರಲಾರಂಭಿಸಿದರು. ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ತ್ಯಾಜ್ಯದ ರಾಶಿಯಾದ ಸೈನೈಡ್ ಗುಡ್ಡದ ಮೇಲೆ ನಿಂತು ಪಟ ತೆಗೆಸಿಕೊಂಡರು, ನಮ್ಮ ಲೈನ್ ಮನೆಗಳ ಬಾಗಿಲಲ್ಲಿ ಇಣುಕಿದರು. ಒಬ್ಬರು ಅಪ್ಪನನ್ನು, ಅವರ ಹೆಸರನ್ನೂ ಕೇಳದೆ, ಸ್ವಲ್ಪ ಆ ಕಡೆ ತಿರುಗಿ ನಿಲ್ಲಿ ಎಂದರು. ಅಪ್ಪ ತಿರುಗಿ ನಿಂತರು. ಅದು ನನಗೆ ಇಂದಿಗೂ ಮರೆಯುವುದಿಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟೇ: ಪೊಟೊಸಿಗೆ ಹೋಗಿ, ಗಣಿಯೊಳಗೆ ಹೋಗಬೇಡಿ. ಮೈಮುರಿದು ದುಡಿಯುತ್ತಿರುವವನ ಕೆಲಸದ ಜಾಗಕ್ಕೆ, ಅವನು ಕರೆಯದೆ, ಹಣ ಕೊಟ್ಟು ನೋಡಲು ಹೋಗುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಅಕ್ಕಿರೊಟ್ಟಿ
ಓದಿ ಕಣ್ಣು ತುಂಬಿ ಬಂತು.

ಕೊಚಬಾಂಬಾದಲ್ಲಿದ್ದವನು
ಮಾರಿಕುಪ್ಪಂ ಅವರೇ, ನಿಮ್ಮ ಮಾತಿನ ಮುಂದೆ ವಾದ ಮಾಡಲು ಮನಸ್ಸು ಬರುವುದಿಲ್ಲ, ಆದರೂ ಅಲ್ಲಿ ಕಂಡದ್ದನ್ನು ಹೇಳಲೇಬೇಕು. ಅಲ್ಲಿ ಗಣಿಯೊಳಗೆ ಕರೆದೊಯ್ಯುವವರಲ್ಲಿ ಹಲವರು ಹಿಂದೆ ಅದೇ ಗಣಿಯಲ್ಲಿ ದುಡಿದವರು. ಎದೆ ಕೆಡುವ ಮುನ್ನ ಹೊರಬರಲು ಅವರಿಗೆ ಸಿಕ್ಕ ದಾರಿ ಇದೊಂದೇ. 1985ರಲ್ಲಿ ತವರದ ಬೆಲೆ ಕುಸಿದು ಸರ್ಕಾರಿ ಗಣಿಗಳು ಸಾವಿರಾರು ಜನರನ್ನು ಮನೆಗೆ ಕಳುಹಿಸಿದ ಮೇಲೆ, ಕಾರ್ಮಿಕರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅಗೆಯುತ್ತಿದ್ದಾರೆ. ಅವರ ಸ್ಥಿತಿ ಹೊರಗಿನವರಿಗೆ ತಿಳಿಯಲಿ ಎಂದು ಬಯಸುವ ಕಾರ್ಮಿಕರನ್ನೂ ನಾನು ಕಂಡಿದ್ದೇನೆ, ಮುಖ ತಿರುಗಿಸಿದವರನ್ನೂ ಕಂಡಿದ್ದೇನೆ. ಹೋಗುವವರು ಹಣ ಎಲ್ಲಿಗೆ ಸೇರುತ್ತದೆ, ಕರೆದೊಯ್ಯುವವನು ಯಾರು ಎಂದು ಕೇಳಿ ಹೋಗಬೇಕು. ಡೈನಮೈಟ್ ಸಿಡಿಸಿ ತೋರಿಸುತ್ತೇವೆ ಎನ್ನುವವರ ಜೊತೆ ಮಾತ್ರ ಖಂಡಿತ ಹೋಗಬಾರದು.

ಮಾರಿಕುಪ್ಪಂ ರೈಲು
ಗಣಿಯಲ್ಲಿ ದುಡಿದವನೇ ಕರೆದೊಯ್ಯುತ್ತಾನೆ ಎಂಬುದು ನನಗೆ ತಿಳಿದಿರಲಿಲ್ಲ. ಅದು ಬೇರೆಯೇ ಮಾತು. ನನ್ನ ಮನಸ್ಸು ಪೂರ್ತಿ ಬದಲಾಗಲಿಲ್ಲ, ಆದರೆ ಒಮ್ಮೆಗೇ ತಪ್ಪು ಎಂದಿದ್ದನ್ನು ಹಿಂದೆಗೆದುಕೊಳ್ಳುತ್ತೇನೆ. ನಮ್ಮಲ್ಲೂ ಯಾರಾದರೂ ಅಪ್ಪನನ್ನು ಕೂರಿಸಿ ಕಥೆ ಕೇಳಿದ್ದರೆ ಅವರು ಬೆಳಗಿನವರೆಗೂ ಹೇಳುತ್ತಿದ್ದರು.

ಹಟ್ಟಿಯ ಇಂಜಿನಿಯರ್
ನಾನು ಗಣಿ ಇಂಜಿನಿಯರ್, ಲಿಂಗಸುಗೂರಿನವನು. ಸರಿ ತಪ್ಪಿನ ಪ್ರಶ್ನೆಯನ್ನು ಬದಿಗಿಟ್ಟು ಸುರಕ್ಷತೆಯ ದೃಷ್ಟಿಯಿಂದ ಹೇಳುವುದಾದರೆ, 61 ವರ್ಷದ ತಾಯಿಯವರನ್ನು ಒಳಗೆ ಕರೆದೊಯ್ಯಬೇಡಿ. ಆಧುನಿಕ ಗಣಿಯಲ್ಲಿ ಬಂಡೆ ಕೊರೆಯುವಾಗ ರಂಧ್ರಕ್ಕೆ ನೀರು ಹಾಯಿಸುತ್ತೇವೆ, ಹೀಗಾಗಿ ಪುಡಿ ಕೆಸರಾಗಿ ಇಳಿಯುತ್ತದೆ, ಗಾಳಿಗೆ ಏಳುವುದಿಲ್ಲ. ದೊಡ್ಡ ಫ್ಯಾನುಗಳು ಹೊರಗಿನ ಗಾಳಿಯನ್ನು ಆಳಕ್ಕೆ ತಳ್ಳುತ್ತವೆ, ಸ್ಫೋಟದ ನಂತರ ಹೊಗೆ ಹೊರಹೋಗುವವರೆಗೆ ಯಾರೂ ಆ ಕಡೆ ಸುಳಿಯುವುದಿಲ್ಲ. ಸೆರೊ ರಿಕೊದಲ್ಲಿ ಸಣ್ಣ ಸಣ್ಣ ತಂಡಗಳು ತಮಗೆ ತೋಚಿದ ಕಡೆ ಕೊರೆಯುತ್ತವೆ, ನೀರಿನ ಸೌಲಭ್ಯವಾಗಲಿ ಗಾಳಿಯ ವ್ಯವಸ್ಥೆಯಾಗಲಿ ಬಹಳ ಕಡೆ ಇಲ್ಲ. ಹೊರಗೆ ಕೊರೆಯುವ ಚಳಿಯಿದ್ದರೆ ಆಳದಲ್ಲಿ ಮೂವತ್ತೈದು ಡಿಗ್ರಿಗೂ ಮೀರಿದ ಸೆಕೆ. ನಾಲ್ಕೂವರೆ ಶತಮಾನಗಳಿಗೂ ಮಿಕ್ಕಿ ತೋಡಿದ ಬೆಟ್ಟದ ಒಳಗೆ ಎಲ್ಲಿ ಟೊಳ್ಳಿದೆ ಎಂಬ ಪೂರ್ತಿ ನಕ್ಷೆ ಯಾರ ಬಳಿಯೂ ಇಲ್ಲ. ತುದಿಯಲ್ಲೇ ನೆಲ ಕುಸಿದಿದೆ. ಯುನೆಸ್ಕೊ 2014ರಲ್ಲಿ ಪೊಟೊಸಿಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದ್ದಕ್ಕೆ ಇದೇ ಮುಖ್ಯ ಕಾರಣ.

ಅಕ್ಕಿರೊಟ್ಟಿ
ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು? ಹೇಮಾವತಿಯವರ ತಾಯಿಯವರು ಮೊಟ್ಟೆಯನ್ನಾದರೂ ತಿನ್ನುತ್ತಾರೆಯೇ?

ಕೊಚಬಾಂಬಾದಲ್ಲಿದ್ದವನು
ತಿನ್ನದಿದ್ದರೂ ಬದುಕಬಹುದು. ‘ಸಿನ್ ಕಾರ್ನೆ’ (ಮಾಂಸವಿಲ್ಲದೆ) ಎಂದರೆ ದನದ ಮಾಂಸ ಬೇಡ ಎಂದಷ್ಟೇ ತಿಳಿದು ಕೋಳಿ ಹಾಕಿಕೊಡುವುದುಂಟು. ‘ಸಿನ್ ಪೋಯೊ’ (ಕೋಳಿಯಿಲ್ಲದೆ) ಎಂದೂ ಸೇರಿಸಿ ಹೇಳಿ. ಕಡಲೆಕಾಯಿಯ ಸಾರು ಬಹಳ ಪ್ರಸಿದ್ಧ, ಆದರೆ ಸಾಮಾನ್ಯವಾಗಿ ಮಾಂಸದ ಕಟ್ಟಿನಲ್ಲೇ ಮಾಡುತ್ತಾರೆ, ಕೇಳಿಕೊಳ್ಳಿ. ಬೆಳಗಿನ ಹೊತ್ತು ಆಪಿ ಕುಡಿಯಿರಿ. ನೇರಳೆ ಮೆಕ್ಕೆಜೋಳದ ಹಿಟ್ಟಿಗೆ ಚಕ್ಕೆ ಲವಂಗ ಹಾಕಿ ಕಾಯಿಸಿದ ಬಿಸಿ ಗಂಜಿಯದು, ಜೊತೆಗೆ ಚೀಸ್ ತುಂಬಿ ಕರಿದ ದೊಡ್ಡ ಪೂರಿ ಕೊಡುತ್ತಾರೆ. ಮೆಕ್ಕೆಜೋಳದ ಗರಿಯಲ್ಲಿ ಸುತ್ತಿ ಬೇಯಿಸಿದ ಉಮಿಂತಾ ನಮ್ಮ ಕಡುಬಿನ ಬಳಗದ್ದು. ಟೊಮೆಟೊ ಮತ್ತು ಲೊಕೋತೊ ಎಂಬ ದಪ್ಪ ಮೆಣಸಿನಕಾಯಿಯನ್ನು ಕಲ್ಲಿನ ಮೇಲೆ ಅರೆದು ಮಾಡುವ ಲಹ್ವಾ ಎಂಬ ಚಟ್ನಿ ಎಲ್ಲ ಮೇಜಿನ ಮೇಲೂ ಇರುತ್ತದೆ. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ, ಕಡಲೆಕಾಯಿ ಇವೆಲ್ಲ ನಮ್ಮ ಅಡುಗೆಮನೆಗೆ ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಡೆಯಿಂದಲೇ ಬಂದವು, ಹಾಗಾಗಿ ಪರಸ್ಥಳವೆನಿಸುವುದಿಲ್ಲ.

ಮಲೆನಾಡ ವೈದ್ಯ
ಮೊದಲ ಎರಡು ದಿನ ಕರಿದದ್ದು ಮಿತವಾಗಿರಲಿ. ಜೂನ್‌ನಲ್ಲಿ ಪೊಟೊಸಿಯ ರಾತ್ರಿ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ, ಉಣ್ಣೆಯ ಟೋಪಿ ಮರೆಯಬೇಡಿ. ತಾಯಿಯವರ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಜೋಪಾನವಾಗಿಡಿ, ಭಾರತಕ್ಕೆ ಮರಳುವಾಗ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ.

ಹೇಮಾವತಿ ತೀರ
ಜೂನ್ ಕಳೆದಿದೆ. ಹೋಗಿ ಬಂದೆವು. ಇಷ್ಟು ಮಂದಿ ಕಾಳಜಿಯಿಂದ ಬರೆದಿದ್ದಕ್ಕೆ ಉತ್ತರ ಕೊಡದಿದ್ದರೆ ತಪ್ಪಾಗುತ್ತದೆ.

ನೀವು ಹೇಳಿದಂತೆ ಮೊದಲ ಎರಡು ರಾತ್ರಿ ಸೂಕ್ರೆಯಲ್ಲಿದ್ದೆವು. ಅಮ್ಮನಿಗೆ ಅಲ್ಲಿ ತುಂಬ ಹಿಡಿಸಿದ್ದು ಮಾರುಕಟ್ಟೆಯ ಹಣ್ಣಿನ ರಸದ ಸಾಲು. ಲೋಟ ಖಾಲಿಯಾಗುತ್ತಿದ್ದಂತೆ ಅಂಗಡಿಯ ಹೆಂಗಸು ‘ಯಾಪಾ’ ಎನ್ನುತ್ತ ಮಿಕ್ಸಿಯಲ್ಲಿ ಉಳಿದದ್ದನ್ನೂ ಸುರಿದಳು. ನಾನು ಅರ್ಥ ಹೇಳುವ ಮೊದಲೇ ಅಮ್ಮ, “ಕೊಸರು ಹಾಕಿದಳು ನೋಡು” ಎಂದರು. ನೇಯ್ಗೆಯ ವಸ್ತುಸಂಗ್ರಹಾಲಯದಲ್ಲಿ ಒಂದೂವರೆ ತಾಸು ಕುಳಿತರು.

ಮೂರನೆಯ ಬೆಳಿಗ್ಗೆ ಪೊಟೊಸಿಗೆ ಹೊರಟೆವು, ಸುಮಾರು 160 ಕಿಲೋಮೀಟರ್, ಮೂರು ತಾಸಿನ ದಾರಿ. ಅಮ್ಮನಿಗೆ ಸ್ವಲ್ಪ ತಲೆಭಾರವಾದದ್ದು ಬಿಟ್ಟರೆ ಏನೂ ಆಗಲಿಲ್ಲ. ನನಗೇ ಮಹಡಿಯ ಮೆಟ್ಟಿಲು ಹತ್ತುವಾಗ ಎದೆ ಡವಗುಟ್ಟಿತು. ಮಧ್ಯಾಹ್ನ ಟಂಕಸಾಲೆಗೆ ಹೋದೆವು. ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ, ಒಂದು ಬೀದಿಯ ಚೌಕವನ್ನೇ ತುಂಬಿಕೊಂಡ ಕಟ್ಟಡವದು. ಬೆಳ್ಳಿಯ ಗಟ್ಟಿಯನ್ನು ತಗಡಾಗಿಸುವ ಮರದ ಚಕ್ರಗಳು ಮಹಡಿಯ ಮೇಲಿವೆ, ಅವುಗಳ ಕಂಬ ಕೆಳಗಿನ ಅಂತಸ್ತಿಗೆ ಇಳಿದಿದೆ, ಅಲ್ಲಿ ಹೇಸರಗತ್ತೆಗಳು ಸುತ್ತುತ್ತಿದ್ದವು. ಅಮ್ಮ ಕೆಳಗಿನ ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನಿಂತರು. ಅಜ್ಜನ ಊರಿನ ಎತ್ತಿನ ಗಾಣದ ಮನೆಯಲ್ಲೂ ನೆಲ ಹೀಗೇ ಗುಂಡಗೆ ಸವೆದಿತ್ತಂತೆ. “ಎತ್ತಿಗಾದರೂ ನಮ್ಮಲ್ಲಿ ಮಧ್ಯಾಹ್ನ ಬಿಡುವಿತ್ತು” ಎಂದರು.

ಗಣಿಯೊಳಗೆ ಹೋಗಲಿಲ್ಲ. ಹಿಂದೆ ಗಣಿಯಲ್ಲಿ ಹದಿನಾಲ್ಕು ವರ್ಷ ದುಡಿದ ಒಬ್ಬರು ಸುರಂಗದ ಬಾಯಿಯವರೆಗೆ ಕರೆದೊಯ್ದು, ಅಲ್ಲೇ ಬಂಡೆಯ ಮೇಲೆ ಕೂರಿಸಿ, ನಾವು ಕೇಳಿದ್ದಕ್ಕೆಲ್ಲ ಉತ್ತರಿಸಿದರು. ಒಳಗೆ ‘ತಿಯೊ’ ಎಂಬ ಕೊಂಬಿನ ಮೂರ್ತಿಯಿದೆ, ಹೆಸರಿನ ಅರ್ಥ ಚಿಕ್ಕಪ್ಪ ಎಂದು, ಮೇಲೆ ದೇವರ ರಾಜ್ಯ, ಕೆಳಗೆ ಅವನದು, ಕೋಕಾ ಎಲೆಯನ್ನೂ ಸಿಗರೇಟನ್ನೂ ಅವನಿಗೆ ಕೊಟ್ಟು ಕೆಲಸ ಶುರುಮಾಡುತ್ತಾರೆ ಎಂದು ವಿವರಿಸಿದರು. ಮಾರಿಕುಪ್ಪಂ ಅವರೇ, ನಿಮ್ಮ ಮಾತನ್ನು ನೆನೆದು ನಾನು ಮೊದಲು ಅವರ ಹೆಸರು ಕೇಳಿದೆ. ಪಟ ತೆಗೆಯಲಿಲ್ಲ.

ಹತ್ತಿರದಲ್ಲೇ ತ್ಯಾಜ್ಯದ ರಾಶಿಯಲ್ಲಿ ಅಮ್ಮನ ವಯಸ್ಸಿನ ಹೆಂಗಸೊಬ್ಬರು ಸುತ್ತಿಗೆಯಿಂದ ಕಲ್ಲು ಒಡೆದು, ಅದಿರಿನ ಚೂರುಗಳನ್ನು ಆರಿಸುತ್ತಿದ್ದರು. ಇಂಥವರನ್ನು ಪಲ್ಯಿರಿ ಎನ್ನುತ್ತಾರೆ, ಇವರಲ್ಲಿ ಅನೇಕರು ಗಣಿಯಲ್ಲಿ ಗಂಡನನ್ನು ಕಳೆದುಕೊಂಡವರಂತೆ. ಅಮ್ಮ ಹೋಗಿ ಪಕ್ಕದಲ್ಲಿ ಕುಳಿತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಚೀಲದಲ್ಲಿದ್ದ ಚಕ್ಕುಲಿಯ ಪೊಟ್ಟಣ ಕೊಟ್ಟರು. ಆಕೆ ಒಂದು ಕಲ್ಲನ್ನು ಆರಿಸಿ, ಸೆರಗಿನಂಥ ಶಾಲಿನಲ್ಲಿ ಒರೆಸಿ, ಅಮ್ಮನ ಕೈಯಲ್ಲಿಟ್ಟರು. ನಿಂಬೆಹಣ್ಣಿನಷ್ಟು ಗಾತ್ರ, ಅದಕ್ಕೆ ತಕ್ಕದ್ದಲ್ಲದ ಭಾರ, ಒಂದು ಮಗ್ಗುಲಲ್ಲಿ ಬೂದು ಬಣ್ಣದ ಹೊಳೆಯುವ ಚೌಕಗಳಿವೆ. ಬೆಳ್ಳಿಯೇ ಇರಬೇಕೆಂದು ಅಮ್ಮ ಅದನ್ನು ಸೀರೆಗಳ ನಡುವೆ ಇಟ್ಟುಕೊಂಡು ಊರಿಗೆ ಒಯ್ದಿದ್ದಾರೆ.

ಮಾರಿಕುಪ್ಪಂ ರೈಲು
ನಮ್ಮ ಅಜ್ಜಿಯ ಬಳಿಯೂ ಒಂದು ಕಲ್ಲಿತ್ತು. ಹೆಸರು ಕೇಳಿದ್ದಕ್ಕೆ ನಿಮಗೆ ನನ್ನ ನಮಸ್ಕಾರ.

ಹಟ್ಟಿಯ ಇಂಜಿನಿಯರ್
ನಿಮ್ಮ ವರ್ಣನೆಯನ್ನು ನೋಡಿದರೆ ಅದು ಗೆಲೀನಾ, ಅಂದರೆ ಸೀಸದ ಅದಿರು. ಇಂದು ಆ ಬೆಟ್ಟದಿಂದ ಹೆಚ್ಚಾಗಿ ಬರುವುದು ಸತು, ಸೀಸ, ತವರಗಳೇ, ಬೆಳ್ಳಿ ಅವುಗಳೊಳಗೆ ಬೆರೆತು ಅಷ್ಟಿಷ್ಟು ಇರುತ್ತದೆ. ಆದ್ದರಿಂದ ತಾಯಿಯವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ದಯವಿಟ್ಟು ಅವರಿಗೆ ಇಂದೇ ಫೋನ್ ಮಾಡಿ ಹೇಳಿ: ಸೀರೆಗಳ ನಡುವಿನಿಂದ ತೆಗೆದು ಗಾಜಿನ ಡಬ್ಬಿಯಲ್ಲಿಡಲಿ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಲಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಕೈಗೆ ಕೊಡುವುದು ಬೇಡ.

ಹೇಮಾವತಿ ತೀರ
ಹೇಳಿದೆ. ಉಪ್ಪಿನಕಾಯಿಯ ಹಳೆಯ ಭರಣಿ ತೊಳೆದು ಅದರಲ್ಲಿಟ್ಟಿದ್ದಾರೆ. ಗಾಜಿನದು ಸಿಗುವವರೆಗೆ ಅದೇ ಇರಲಿ ಎಂದರು.